ಕರೆಂಟು ಆಚೆ

ಬೆಹಾಲಾದ ಆ ನಾಲ್ಕಂತಸ್ತಿನ ಹಳೆಯ ಕಟ್ಟಡದಲ್ಲಿ ಯಾರ ಮನೆಯ ದೀಪ ಕೆಟ್ಟರೂ ಮೊದಲು ಕೇಳಿಬರುತ್ತಿದ್ದ ಹೆಸರು ನಂಜುಂಡಪ್ಪನವರದು. ಬಂಗಾಳಿ ನೆರೆಹೊರೆಯವರ ಬಾಯಲ್ಲಿ ಅದು ನೊಂಜು ಬಾಬು ಆಗಿತ್ತು. ನೊಂಜು ಬಾಬು ರೈಲ್ವೆಯ ಎಲೆಕ್ಟ್ರಿಕಲ್ ಡಿಪಾರ್ಟ್‌ಮೆಂಟಿನವರು ಎಂಬುದು ಗೇಟು ಕಾಯುವ ಮುದುಕ ಬಾದಲನಿಂದ ಹಿಡಿದು ಮೂರನೆಯ ಮಹಡಿಯ ನಿವೃತ್ತ ಮೇಷ್ಟರವರೆಗೆ ಎಲ್ಲರಿಗೂ ಗೊತ್ತಿತ್ತು. ಅದು ಸುಳ್ಳೇನೂ ಅಲ್ಲ. ಸಿಯಾಲ್ದಾದ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅವರು ಕೂರುತ್ತಿದ್ದ ಕೋಣೆಯ ಬಾಗಿಲ ಮೇಲೆ ಆ ಡಿಪಾರ್ಟ್‌ಮೆಂಟಿನ ಹೆಸರೇ ಇತ್ತು. ಒಳಗೆ ಅವರು ನೋಡಿಕೊಳ್ಳುತ್ತಿದ್ದದ್ದು ಲೈನ್‌ಮನ್‌ಗಳ ರಜಾ ಅರ್ಜಿ, ವರ್ಗಾವಣೆಯ ಕಾಗದ, ಮತ್ತು ವರ್ಷಕ್ಕೊಮ್ಮೆ ಬೂಟು, ರಬ್ಬರ್ ಕೈಗವಸುಗಳ ಹಂಚಿಕೆ. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲು ಹೋಗಲಿಲ್ಲ.

ಈ ಖ್ಯಾತಿ ಹುಟ್ಟಿದ್ದು ಹನ್ನೆರಡು ವರ್ಷಗಳ ಹಿಂದೆ, ದುರ್ಗಾಪೂಜೆಯ ಅಷ್ಟಮಿಯ ಸಂಜೆ. ಬೀದಿಯ ಪೆಂಡಾಲಿನ ದೀಪಗಳೆಲ್ಲ ಒಮ್ಮೆಲೇ ಆರಿಹೋಗಿ, ಢಾಕ್ ಬಾರಿಸುವವರು ಕೈ ನಿಲ್ಲಿಸಿ, ಜನ ಗುಜುಗುಜು ಎನ್ನುತ್ತಿದ್ದಾಗ ನಂಜುಂಡಪ್ಪನವರು ಗುಂಪನ್ನು ಸರಿಸಿಕೊಂಡು ಸ್ವಿಚ್ ಬೋರ್ಡಿನ ಮುಂದೆ ಹೋಗಿ ನಿಂತರು. ಕನ್ನಡಕವನ್ನು ಮೇಲೇರಿಸಿ, ಎರಡು ನಿಮಿಷ ಗಂಭೀರವಾಗಿ ನೋಡಿ, ಬೋರ್ಡಿನ ಪಕ್ಕಕ್ಕೆ ಒಂದು ಗುದ್ದು ಕೊಟ್ಟರು. ದೀಪಗಳು ಹತ್ತಿಕೊಂಡವು. ಜನ ಚಪ್ಪಾಳೆ ತಟ್ಟಿದರು. ಅದೇ ಗಳಿಗೆಯಲ್ಲಿ ಇಡೀ ಬೀದಿಗೇ ಕರೆಂಟು ಬಂದಿತ್ತು, ಎದುರಿನ ಸಿಹಿತಿಂಡಿ ಅಂಗಡಿಯ ಫ್ಯಾನೂ ತಿರುಗತೊಡಗಿತ್ತು ಎಂಬುದನ್ನು ಗಮನಿಸಿದವಳು ಅವರ ಹೆಂಡತಿ ನಮ್ರತಾ ಒಬ್ಬಳೇ. ಹಬ್ಬದ ದಿನ ಗಂಡನ ಮುಖ ಸಣ್ಣದು ಮಾಡುವುದೇಕೆ ಎಂದು ಅವಳು ಸುಮ್ಮನಾದಳು. ಆ ಒಂದು ಸಂಜೆಯ ಮೌನಕ್ಕೆ ಅವಳು ಆಮೇಲೆ ಹನ್ನೆರಡು ವರ್ಷ ಪಶ್ಚಾತ್ತಾಪ ಪಟ್ಟಳು.

ಅಂದಿನಿಂದ ನಂಜುಂಡಪ್ಪನವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್ ಬಂದು ಕೂತಿತು. ಊರಲ್ಲಿ ಬೇರೆಯವರ ಮನೆಗೆ ಅವರು ಹೆಚ್ಚಾಗಿ ಸಲಹೆಯನ್ನಷ್ಟೇ ಕೊಡುತ್ತಿದ್ದರು. ಕೈಚಳಕವನ್ನೆಲ್ಲ ಸ್ವಂತ ಮನೆಗೆ ಮೀಸಲಿಟ್ಟಿದ್ದರು. ಹೀಗಾಗಿ ಎರಡನೆಯ ಮಹಡಿಯ ಆ ಮನೆಗೆ ಹೊಸದಾಗಿ ಬಂದ ನೆಂಟರಿಗೆ ಕಾಫಿ ಕೊಡುವ ಮುಂಚೆ ಒಂದಿಷ್ಟು ಪಾಠ ಹೇಳಿಕೊಡಬೇಕಾಗುತ್ತಿತ್ತು. ಹಾಲಿನ ಟ್ಯೂಬ್‌ಲೈಟಿನ ಸ್ವಿಚ್ಚನ್ನು ಮೇಲೆ ಒತ್ತಿದರೆ ಹತ್ತುವುದು, ಕೆಳಗೆ ಒತ್ತಿದರೆ ಆರುವುದು. ಬಚ್ಚಲಿನ ದೀಪದ ಸ್ವಿಚ್ಚು ಮಲಗುವ ಕೋಣೆಯಲ್ಲಿದೆ, ಬೀರುವಿನ ಹಿಂದೆ ಕೈ ಹಾಕಬೇಕು. ಯಾರಾದರೂ ಕಾಲಿಂಗ್ ಬೆಲ್ ಒತ್ತಿದರೆ ದೇವರ ಗೂಡಿನ ಬಲ್ಬು ಮಿಣುಕುತ್ತದೆ, ಗಾಬರಿಯಾಗಬೇಡಿ. ಅಡುಗೆಮನೆಯ ಒಂದು ಸ್ವಿಚ್ಚಿನ ಪಕ್ಕ 'ಇದನ್ನು ಮುಟ್ಟಬೇಡಿ' ಎಂದು ನಂಜುಂಡಪ್ಪನವರು ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು. ಚೀಟಿ ಕನ್ನಡದಲ್ಲಿದ್ದದ್ದರಿಂದ ಕೆಲಸಕ್ಕೆ ಬರುವ ಬಂಗಾಳಿ ಹೆಂಗಸು ದಿನಾ ಬೆಳಗ್ಗೆ ಮೊದಲು ಅದನ್ನೇ ಒತ್ತುತ್ತಿದ್ದಳು.

ಫ್ರಿಜ್ಜಿನ ವಿಷಯ ಇನ್ನೂ ಸ್ವಾರಸ್ಯದ್ದು. ಬರಿಗಾಲಲ್ಲಿ ಅದರ ಹಿಡಿಯನ್ನು ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತು. ಇದಕ್ಕೆ ನಂಜುಂಡಪ್ಪನವರು ಕಂಡುಕೊಂಡ ಪರಿಹಾರ ಒಂದು ಜೊತೆ ರಬ್ಬರ್ ಚಪ್ಪಲಿ. ಅದನ್ನು ಫ್ರಿಜ್ಜಿನ ಮುಂದೆಯೇ ಬಿಟ್ಟಿದ್ದರು. ಮೊಸರು ಬೇಕಾದವರು ಚಪ್ಪಲಿ ಮೆಟ್ಟಿಕೊಂಡು ತೆಗೆದುಕೊಳ್ಳಬೇಕು. ಮಗಳು ಮೇಧಾ ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ. ಚಿಕ್ಕಂದಿನಲ್ಲಿ ಗೆಳತಿಯರ ಮನೆಗೆ ಹೋದಾಗ ಫ್ರಿಜ್ಜಿನ ಮುಂದೆ ಚಪ್ಪಲಿ ಹುಡುಕಿ ನಗೆಪಾಟಲಾಗಿದ್ದಳು. ಈಗ ಸೆಕ್ಟರ್ ಫೈವಿನ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ನಾಲ್ಕು ಮಾತು ಕಲಿತು, ಒಬ್ಬ ಸರಿಯಾದ ಎಲೆಕ್ಟ್ರೀಷಿಯನ್ನನ್ನು ಕರೆಸಬೇಕು ಎಂದು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳುತ್ತಿದ್ದಳು. ಕನ್ನಡದ ಅರ್ಧ ಮಾತ್ರ ತಮಗೆ ಕೇಳಿಸಿತು ಎಂಬಂತೆ ಅಪ್ಪ ತಲೆಯಾಡಿಸುತ್ತಿದ್ದರು.

ಇಂಥ ಮನೆಗೆ ಆ ಡಿಸೆಂಬರಿನಲ್ಲಿ ನಂಜುಂಡಪ್ಪನವರ ತಾಯಿ ತುಂಗಮ್ಮ ಬಂದರು. ಎಪ್ಪತ್ತೆಂಟು ವರ್ಷದ ಗಟ್ಟಿಗಿತ್ತಿ. ನಂಜನಗೂಡಿನ ಕಡೆಯವರು. ಮಗನ ಮನೆಯಲ್ಲಿ ಮೂರು ತಿಂಗಳು ಇರಬೇಕೆಂದು ಮೊದಲ ಸಲ ಒಪ್ಪಿಕೊಂಡಿದ್ದರು, ಅದೂ ಮಗ ಆರು ವರ್ಷ ಗೋಗರೆದ ಮೇಲೆ. ಬಂದ ಎರಡನೆಯ ದಿನ ಬರಿಗಾಲಲ್ಲಿ ಫ್ರಿಜ್ಜು ಮುಟ್ಟಿ, ಈ ಪೆಟ್ಟಿಗೆ ಕಚ್ಚುತ್ತದೆ ಎಂದು ತೀರ್ಪು ಕೊಟ್ಟು, ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಮನೆಯೊಳಗೆ ಚಪ್ಪಲಿ ಮೆಟ್ಟುವುದು ಅವರಿಂದ ಆಗದ ಮಾತು. ಬೆಳಗ್ಗೆ ಐದೂವರೆಗೆ ಎದ್ದು, ಬಿಸಿನೀರಲ್ಲಿ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡ ಮೇಲೆಯೇ ಅವರಿಗೆ ಕಾಫಿ. ಗ್ಯಾಸಿನ ಮೇಲೆ ನೀರು ಕಾಯಿಸಿ, ಬಿಸಿ ಪಾತ್ರೆಯನ್ನು ಬಚ್ಚಲಿಗೆ ಹೊತ್ತು ನಮ್ರತಾಳ ಸೊಂಟ ಹಿಡಿದುಕೊಂಡಿತು. ತನ್ನಿಂದ ಸೊಸೆಗೆ ತೊಂದರೆ, ಬರುವ ವಾರವೇ ರೈಲು ಹತ್ತಿಸಿಬಿಡು ಎಂದು ತುಂಗಮ್ಮ ಗುನುಗತೊಡಗಿದರು.

ನಂಜುಂಡಪ್ಪನವರಿಗೆ ಅದು ನಾಟಿತು. ಅಪ್ಪ ತೀರಿಕೊಂಡಾಗಲೂ ಎರಡು ದಿನ ತಡವಾಗಿ ಊರು ಮುಟ್ಟಿದ ಮಗ ಅವರು. ಅವ್ವ ತಮ್ಮ ಮನೆಯಲ್ಲಿ ಸುಖವಾಗಿ ಮೂರು ತಿಂಗಳು ಇರಬೇಕು, ಊರಿಗೆ ಹೋಗಿ ನಂಜುಂಡ ಚೆನ್ನಾಗಿ ನೋಡಿಕೊಂಡ ಅನ್ನಬೇಕು ಎಂಬುದು ಅವರ ಮನಸ್ಸಿನಲ್ಲಿದ್ದ ಒಂದೇ ಆಸೆ. ಶುಕ್ರವಾರ ಕಚೇರಿಯಿಂದ ಬರುತ್ತಾ ಒಂದು ಗೀಸರ್ ಕೊಂಡು ತಂದೇಬಿಟ್ಟರು.

ನಮ್ರತಾ ಆಗಲೇ ನಿಮಾಯ್ ಮಿಸ್ತ್ರಿಗೆ ಫೋನು ಮಾಡಿದ್ದಳು. ನಿಮಾಯ್ ಆ ಬೀದಿಯ ಎಲೆಕ್ಟ್ರೀಷಿಯನ್, ಪರವಾನಗಿ ಇದ್ದವನು, ಮಾತು ಕಡಿಮೆ. ಮದುವೆಯ ತಿಂಗಳಾದ್ದರಿಂದ ದೀಪಾಲಂಕಾರದ ಕೆಲಸ ಮೈಮೇಲೆ ಬಿದ್ದಿದೆ, ಭಾನುವಾರ ಮಧ್ಯಾಹ್ನ ಖಂಡಿತ ಬರುತ್ತೇನೆ ಎಂದಿದ್ದ. ಭಾನುವಾರದವರೆಗೆ ಕಾಯುವುದು ನಂಜುಂಡಪ್ಪನವರ ಗೌರವಕ್ಕೆ ಒಗ್ಗಲಿಲ್ಲ. ಡಿಪಾರ್ಟ್‌ಮೆಂಟಿನವರ ಮನೆಗೆ ಮಿಸ್ತ್ರಿ ಬಂದರೆ ಬಾದಲ್ ಏನಂದುಕೊಂಡಾನು? ಶುಕ್ರವಾರ ಸಂಜೆಯೇ ಗೋಡೆಗೆ ತೂತು ಕೊರೆದು ಗೀಸರನ್ನು ನೇತುಹಾಕಿದರು. ಅದರ ಜೊತೆ ಬಂದಿದ್ದ ವೈರು ಗಿಡ್ಡವೆನಿಸಿ, ಕೆಳಗಿನ ಮುಚ್ಚಳ ಬಿಚ್ಚಿ, ತಮ್ಮಲ್ಲಿದ್ದ ಉದ್ದನೆಯ ವೈರನ್ನು ಜೋಡಿಸಿ ಮತ್ತೆ ಮುಚ್ಚಿದರು. ನಾಳೆ ಸಂಜೆಯೊಳಗೆ ಕರೆಂಟು ಕೊಡುತ್ತೇನೆ, ಭಾನುವಾರ ಬೆಳಗ್ಗೆ ಮೊದಲ ಸ್ನಾನ ನಿನ್ನದೇ ಎಂದು ಅವ್ವನಿಗೆ ಮಾತು ಕೊಟ್ಟರು. ತುಂಗಮ್ಮ ಆ ಬಿಳಿಯ ಡಬ್ಬವನ್ನು ಒಂದು ಸುತ್ತು ನೋಡಿ, ಇದೂ ಕಚ್ಚುತ್ತದೆಯೇ ಎಂದು ಕೇಳಿದರು. ಮಗ ನಕ್ಕರು.

ಶನಿವಾರ ಬೆಳಗ್ಗೆ ಮೇಧಾ ಆಫೀಸಿನ ಕ್ಯಾಬು ಹತ್ತಿ ಹೋದಳು, ನಮ್ರತಾ ಮಾರ್ಕೆಟ್ಟಿಗೆ ಹೊರಟಳು. ಹೋಗುವಾಗ ಗಂಡನಿಗೆ ಏನನ್ನೂ ಮುಟ್ಟಬೇಡಿ ಎಂದು ಹೇಳಿದಳು. ಹೀಗೆ ಹೇಳಿದರೆ ಅವರು ಮುಟ್ಟಿಯೇ ಮುಟ್ಟುತ್ತಾರೆ ಎಂಬುದು ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ತಿಳಿಯದ್ದೇನಲ್ಲ. ಆದರೂ ಹೇಳುವುದನ್ನು ಹೇಳಬೇಕಲ್ಲ.

ಆ ಕಟ್ಟಡದ ಎಲ್ಲ ಮನೆಗಳ ಮೇನ್ ಸ್ವಿಚ್ಚುಗಳೂ ಕೆಳಗೆ, ಮೆಟ್ಟಿಲಡಿಯ ಮೀಟರ್ ಕೋಣೆಯಲ್ಲಿದ್ದವು. ನಂಜುಂಡಪ್ಪನವರು ಬಾದಲನಿಗೆ ಫೋನು ಮಾಡಿ ತಮ್ಮ ಮನೆಯ ಸ್ವಿಚ್ಚು ಇಳಿಸಲು ಹೇಳಿ, ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲು ಹತ್ತಿ, ಗೋಡೆಯ ಹಳೆಯ ಬೋರ್ಡು ಬಿಚ್ಚಿದರು. ಒಳಗಿನಿಂದ ಎರಡು ಮುದಿ ವೈರುಗಳು ಇಣುಕಿದವು. ಟೆಸ್ಟರ್ ಜೇಬಿನಲ್ಲಿತ್ತು, ನಿಜ. ಆದರೆ ಅದರೊಳಗಿನ ಪುಟ್ಟ ದೀಪ ದೀಪಾವಳಿಯ ಹೊತ್ತಿಗೇ ಸತ್ತಿತ್ತು; ಈಗ ಅದು ಸ್ಕ್ರೂ ತಿರುಗಿಸುವುದಕ್ಕೂ ಕಿವಿ ತುರಿಸುವುದಕ್ಕೂ ಉಪಯೋಗವಾಗುತ್ತಿತ್ತು. ಮನೆಯ ಯಾವುದಾದರೂ ಒಂದು ದೀಪ ಹಾಕಿ ನೋಡಿದ್ದರೂ ಸಾಕಿತ್ತು. ಅದಕ್ಕೆ ಸ್ಟೂಲಿನಿಂದ ಇಳಿಯಬೇಕು, ಮಂಡಿ ನೋವು ಬೇರೆ. ಖಾತ್ರಿಮಾಡಿಕೊಳ್ಳಲು ಮತ್ತೆ ಫೋನು ಮಾಡಿದರೆ ಬಾದಲ್ ಎತ್ತಲಿಲ್ಲ. ಆಗ ಅವರು ಅವ್ವನನ್ನು ಕೂಗಿ, ಬಾಗಿಲ ಹೊರಗೆ ಮೆಟ್ಟಿಲ ಹತ್ತಿರ ನಿಂತು ಕರೆಂಟು ಹೋಯಿತೇ ಎಂದು ಕೆಳಗಿರುವವನನ್ನು ಕೇಳು ಎಂದರು.

ತುಂಗಮ್ಮ ಸೆರಗು ಸಿಕ್ಕಿಸಿಕೊಂಡು ಹೋದರು. ಮಗನ ಕೆಲಸದಲ್ಲಿ ತಮಗೂ ಒಂದು ಪಾಲು ಸಿಕ್ಕ ಖುಷಿ ಅವರಿಗೆ. ಕಟಕಟೆಗೆ ಬಾಗಿ, ನಂಜನಗೂಡಿನ ಸಂತೆಯಲ್ಲಿ ಯಾರನ್ನಾದರೂ ಕರೆಯುವಷ್ಟು ಗಟ್ಟಿಯಾಗಿ, ಕರೆಂಟಾ ಕರೆಂಟಾ ಎಂದು ಕೈ ತಿರುಗಿಸಿ ಕೇಳಿದರು. ಕೆಳಗಿನಿಂದ ಬಾದಲ್ ಏನೋ ಕೂಗಿದ. ತುಂಗಮ್ಮ ಬಂದು ಬಚ್ಚಲ ಬಾಗಿಲಲ್ಲಿ ನಿಂತರು.

"ಕರೆಂಟು ಆಚೆ ಹೋಯ್ತಂತೆ ಕಣಪ್ಪ. ನೀನು ಶುರು ಮಾಡ್ಕೋ."

ನಂಜುಂಡಪ್ಪನವರು ಶುರು ಮಾಡಿಕೊಂಡರು. ಬಲಗೈಯಲ್ಲಿ ಹಳೆಯ ವೈರಿನ ತುದಿ ಹಿಡಿದರು, ಅಷ್ಟೇ. ಮೊಣಕೈವರೆಗೆ ಯಾರೋ ದೊಣ್ಣೆಯಿಂದ ಬಾರಿಸಿದಂತಾಗಿ, ಹಲ್ಲು ಕಟ್ಟಿ, ಸ್ಟೂಲಿನಿಂದ ಹಿಂದಕ್ಕೆ ಸಿಡಿದು ಬಕೆಟ್ಟಿನ ಮೇಲೆ ಬಿದ್ದರು. ಬಕೆಟ್ಟು ಒಡೆಯಿತು. ಎದೆ ಡವಡವ ಎನ್ನುತ್ತಿತ್ತು. ತುಂಗಮ್ಮ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ಓಡಿಬಂದು ಮಗನನ್ನು ತಬ್ಬಿಕೊಂಡರು. ತಾವು ಆ ವೈರಿಗೆ ಅಂಟಿಕೊಂಡೇ ಇದ್ದಿದ್ದರೂ ಅವ್ವ ಹೀಗೆಯೇ ಓಡಿಬಂದು ತಬ್ಬಿಕೊಳ್ಳುತ್ತಿದ್ದಳು ಎಂಬುದು ನಂಜುಂಡಪ್ಪನವರಿಗೆ ಬಿದ್ದಲ್ಲೇ ಹೊಳೆಯಿತು.

ಮಾತು ಬಂದ ಮೇಲೆ ಅವರು ಮೊದಲು ಕೇಳಿದ್ದು ಇದನ್ನೇ.

"ಅವ್ವ, ಅವನು ಏನಂದ? ಅಂದದ್ದನ್ನ ಅಂದಂಗೇ ಹೇಳು."

"ಕರೆಂಟ್ ಆಚೆ ಅಂದ," ಎಂದರು ತುಂಗಮ್ಮ, ಮಗನ ಕೈಬೆರಳು ಉಜ್ಜುತ್ತಾ. "ಹೋಯ್ತು ಅನ್ನೋದನ್ನ ಮಾತ್ರ ನಾನು ಸೇರಿಸ್ದೆ. ಪಾಪ, ಅವನಿಗೆ ಕನ್ನಡ ಪೂರ್ತಿ ಬರಲ್ವಲ್ಲ. ಇಷ್ಟು ವರ್ಷ ನಿಮ್ಮ ಜೊತೆ ಇದ್ದು ಅಷ್ಟಾದ್ರೂ ಕಲ್ತವ್ನೆ ಅಂದ್ಕೊಂಡೆ. ದಾಡಾನ್ ಅಂತಲೂ ಅಂದ. ಅದೇನೋ ಮರ್ಯಾದೆಗೆ ಅಂದಿದ್ದು."

ನಂಜುಂಡಪ್ಪನವರು ಒಡೆದ ಬಕೆಟ್ಟಿನ ಪಕ್ಕ ಕೂತು ಅಳಬೇಕೋ ನಗಬೇಕೋ ತಿಳಿಯದೆ ಅವ್ವನ ಮುಖ ನೋಡಿದರು. ಬಂಗಾಳಿಯ 'ಆಛೆ' ಎಂದರೆ ಇದೆ. 'ದಾಡಾನ್' ಎಂದರೆ ನಿಲ್ಲಿ. ಕರೆಂಟು ಇದೆ, ನಿಲ್ಲಿ, ಮೀಟರ್ ಕೋಣೆಯ ಬೀಗದ ಕೈ ತರುತ್ತೇನೆ ಎಂದು ಬಾದಲ್ ಕೂಗಿದ್ದ. ಅವನು ಒಳಗಿದೆ ಎಂದದ್ದನ್ನು ಅವ್ವ ಹೊರಗೆ ಕಳಿಸಿದ್ದಳು. ತಪ್ಪು ಅವ್ವನದಲ್ಲ. ಊರಿಗೆ ಬಂದು ಹತ್ತು ದಿನವಾದ ಮುದುಕಿಯ ಕಿವಿಯ ಮೇಲೆ ತಮ್ಮ ಪ್ರಾಣ ಇಟ್ಟವರು ತಾವು.

ಬಿದ್ದ ಸದ್ದು ಕೇಳಿ ಬೀಗದ ಕೈ ಹಿಡಿದೇ ಮೇಲೆ ಓಡಿಬಂದ ಬಾದಲ್ ಅವರನ್ನು ನೋಡಿ ಗಾಬರಿಯಾಗಿ ಸ್ವಿಚ್ಚು ಇಳಿಸಲು ಮತ್ತೆ ಕೆಳಗೋಡಿದ. ಮಾರ್ಕೆಟ್ಟಿನಿಂದ ಬಂದ ನಮ್ರತಾ ತರಕಾರಿಯ ಚೀಲವನ್ನು ಬಾಗಿಲಲ್ಲೇ ಬಿಟ್ಟು, ಗಂಡನನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಎರಡು ಬೆರಳು ಸುಟ್ಟಿದ್ದವು. ಡಾಕ್ಟರು ಎದೆಯ ಇಸಿಜಿ ತೆಗೆಸಿ ನೋಡಿ ಗಂಡಾಂತರವಿಲ್ಲ ಎಂದರು. ದಾರಿಯುದ್ದಕ್ಕೂ ನಮ್ರತಾ ಅವರ ಸುಡದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೈದಿದ್ದರೆ ನಂಜುಂಡಪ್ಪನವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ನಿಮಾಯ್ ಬಂದ. ನಮ್ರತಾ ಮತ್ತೆ ಫೋನು ಮಾಡಿದ್ದಕ್ಕೆ ಮದುವೆಮನೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಸ್ವತಃ ಕೆಳಗಿಳಿದು ಸ್ವಿಚ್ಚು ನೋಡಿ, ಮೇಲೆ ಬಂದು ತನ್ನ ಟೆಸ್ಟರನ್ನು ಮೊದಲು ಪಕ್ಕದ ಮನೆಯ ಪ್ಲಗ್ಗಿನಲ್ಲಿ ಇಟ್ಟು, ಅದರ ದೀಪ ಹತ್ತುತ್ತದೆ ಎಂದು ಖಾತ್ರಿಮಾಡಿಕೊಂಡು, ಆಮೇಲೆ ಬಚ್ಚಲಿಗೆ ಹೋದ. ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡ ನಂಜುಂಡಪ್ಪನವರು ಬಾಗಿಲಲ್ಲಿ ನಿಂತರು. ನಿಮಾಯ್ ಗೀಸರಿನ ಕೆಳಗಿನ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟು, ಟೇಪು ಸುತ್ತಿದ ಒಂದು ತುದಿಯನ್ನು ಹೊರಗೆಳೆದ. ಆಮೇಲೆ ತನ್ನ ಹಿಂದಿಯಲ್ಲಿ ಮೆಲ್ಲಗೆ ಕೇಳಿದ: "ದಾದಾ, ಹರಾ ತಾರ್ ಕಿಸ್ನೇ ಕಾಟಾ?"

ಹಸಿರು ವೈರನ್ನು ಕತ್ತರಿಸಿದ್ದು ಇನ್ಯಾರು? ಗೋಡೆಯೊಳಗೆ ಇದ್ದದ್ದು ಎರಡೇ ವೈರು. ಗೀಸರಿನ ವೈರಿನಲ್ಲಿ ಕೆಂಪು, ಕಪ್ಪು, ಹಸಿರು ಎಂದು ಮೂರು. ಹೆಚ್ಚಾದ ಹಸಿರನ್ನು ಎರಡೂ ತುದಿಯಲ್ಲಿ ಕತ್ತರಿಸಿ, ನೀಟಾಗಿ ಟೇಪು ಸುತ್ತಿಟ್ಟಿದ್ದರು. ಹಸಿರು ವೈರನ್ನು ಕಂಪನಿಯವರು ಸುಮ್ಮನೆ ಹೆಚ್ಚಿಗೆ ಕೊಡುತ್ತಾರೆ ಎಂಬುದು ಅವರ ಬಹುದಿನದ ನಂಬಿಕೆ. ನಿಮಾಯ್ ಅವರನ್ನು ಹತ್ತಿರ ಕರೆದು ತೋರಿಸಿದ. ಮುಚ್ಚಳವನ್ನು ಬಿಗಿಯುವಾಗ ಅದರ ಅಂಚಿಗೆ ಸಿಕ್ಕಿ ಕೆಂಪು ವೈರಿನ ಹೊದಿಕೆ ಸೀಳಿತ್ತು. ಒಳಗಿನ ತಾಮ್ರ ಗೀಸರಿನ ಕಬ್ಬಿಣದ ಮೈಗೆ ತಾಗಿ ಕೂತಿತ್ತು. ಕರೆಂಟು ಕೊಟ್ಟ ಕೂಡಲೇ ಗೀಸರಿನ ಮೈಗೆ, ಪೈಪಿಗೆ, ನಲ್ಲಿಗೆ ಕರೆಂಟು ಇಳಿಯುತ್ತಿತ್ತು. ಹಾಗೆ ಇಳಿದದ್ದನ್ನು ನೆಲಕ್ಕೆ ಒಯ್ದು, ಮೇನ್ ಫ್ಯೂಸು ಹಾರಿಸಿ, ಮನುಷ್ಯನನ್ನು ಉಳಿಸುವುದಕ್ಕೆಂದೇ ಇರುವುದು ಆ ಹಸಿರು ವೈರು. ನಿಮಾಯ್ ಇಷ್ಟನ್ನು ಬಿಡಿಸಿ ಹೇಳಿ, ನಾಳೆ ಈ ನಲ್ಲಿಗೆ ಮೊದಲು ಕೈ ಹಾಕುವವರು ಯಾರಾಗಿದ್ದರು ಎಂದು ಕೇಳಿದ.

ನಂಜುಂಡಪ್ಪನವರು ಹಿಂದಿರುಗಿ ನೋಡಿದರು. ಹಾಲಿನಲ್ಲಿ ತುಂಗಮ್ಮ ಅವರೆಕಾಯಿ ಸಿಕ್ಕದ ಈ ಊರನ್ನು ಬೈಯುತ್ತಾ ಬಟಾಣಿ ಸುಲಿಯುತ್ತಿದ್ದರು. ಬೆಳಗ್ಗೆ ಐದೂವರೆ, ಒದ್ದೆ ನೆಲ, ಬರಿಗಾಲು, ಬಾಗಿಲಿಗೆ ಒಳಗಿನಿಂದ ಚಿಲಕ. ಸ್ನಾನಕ್ಕೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಬಾದಲ್ ಸರಿಯಾಗಿ ಸ್ವಿಚ್ಚು ಇಳಿಸಿದ್ದರೆ, ಅವ್ವ ಸರಿಯಾಗಿ ಕೇಳಿಸಿಕೊಂಡಿದ್ದರೆ, ತಾವು ಈ ಕೆಲಸವನ್ನು ಮುಗಿಸಿಬಿಡುತ್ತಿದ್ದರು. ಅವ್ವ ತಪ್ಪು ಕೇಳಿಸಿಕೊಂಡದ್ದರಿಂದಲೇ ಅವ್ವ ಉಳಿದಳು. ಅವರಿಗೆ ಅಳು ಬಂತು. ಬ್ಯಾಂಡೇಜಿನ ಕೈಯಲ್ಲೇ ಕಣ್ಣೊರೆಸಿಕೊಂಡರು.

ಬೇರೆ ಎಲ್ಲೆಲ್ಲಿ ಹಸಿರು ಕತ್ತರಿಸಿದ್ದೀರಿ ಎಂದು ನಿಮಾಯ್ ಕೇಳಿದ. ನಂಜುಂಡಪ್ಪನವರು ಅವನನ್ನು ಫ್ರಿಜ್ಜಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಂದ ವಾಷಿಂಗ್ ಮೆಷಿನ್ನಿಗೆ, ಅಲ್ಲಿಂದ ಇಸ್ತ್ರಿಪೆಟ್ಟಿಗೆಗೆ. ಒಂದೊಂದನ್ನೂ ತಾವೇ ತೋರಿಸಿ, ತಮ್ಮ ಡಿಪಾರ್ಟ್‌ಮೆಂಟಿನಲ್ಲಿ ತಾವು ಮಾಡುವುದು ರಜಾ ಅರ್ಜಿಯ ಕೆಲಸ ಎಂಬುದನ್ನೂ ಹೇಳಿಬಿಟ್ಟರು. ಲೈನ್‌ಮನ್‌ಗಳ ಕೈಗವಸಿನ ಅಳತೆಗಳೆಲ್ಲ ತಮಗೆ ಬಾಯಿಪಾಠವಿವೆ, ಅದನ್ನು ಏಕೆ ಹಾಕಿಕೊಳ್ಳುತ್ತಾರೆಂದು ಇವತ್ತು ತಿಳಿಯಿತು ಎಂದರು. ನಿಮಾಯ್ ನಗಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಾದಲ್ ನಕ್ಕ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ನಮ್ರತಾ ಕೇಳದೆಯೇ ಗಂಡನಿಗೆ ಎರಡನೆಯ ಲೋಟ ಕಾಫಿ ತಂದುಕೊಟ್ಟಳು.

ನಿಮಾಯ್ ಮದುವೆಮನೆಯ ಬಾಕಿ ಕೆಲಸವನ್ನು ತಮ್ಮನಿಗೆ ಒಪ್ಪಿಸಿ, ಭಾನುವಾರ ಇಡೀ ದಿನ ಕೂತು ಕೆಳಗಿನ ಮೀಟರ್ ಕೋಣೆಯಿಂದ ಹಸಿರು ವೈರುಗಳಿಗೆ ಹೊಸ ಅರ್ತ್ ಎಳೆದು, ಬಚ್ಚಲಿಗೆ ಬೇರೆ ಲೈನು ಹಾಕಿ, ಮನೆಯೊಳಗೇ ಸಣ್ಣ ಸ್ವಿಚ್ಚುಗಳ ಪೆಟ್ಟಿಗೆ ಕೂರಿಸಿದ. ಮಧ್ಯೆ ಮಧ್ಯೆ ತುಂಗಮ್ಮನಿಗೆ ಬಂಗಾಳಿ ಪಾಠವೂ ನಡೆಯಿತು. 'ಆಛೆ' ಎಂದರೆ ಇದೆ, 'ನೇಯ್' ಎಂದರೆ ಇಲ್ಲ. ಇಲ್ಲ ಅನ್ನುವುದಕ್ಕೆ ಬಟ್ಟೆ ನೇಯಿ ಅನ್ನುವ ಜನರನ್ನು ತಾನು ಕಂಡಿಲ್ಲ ಎಂದು ತುಂಗಮ್ಮ ಬೆರಗಾದರು, ಆದರೆ ಎರಡನ್ನೂ ಕಲಿತರು. ಸಂಜೆ ಮೇಧಾ ಅಡುಗೆಮನೆಯ ಹಳೆಯ ಚೀಟಿ ಕಿತ್ತು ಬೇರೆ ಅಂಟಿಸಿದಳು. ಅವಳಿಗೆ ಕನ್ನಡ ಬರೆಯಲು ಬಾರದು. ಅಪ್ಪ ಮುಟ್ಟಬಾರದು ಎಂದು ಬಂಗಾಳಿಯಲ್ಲಿ ಬರೆದಳು. ಕೆಲಸದ ಹೆಂಗಸು ಅದನ್ನು ಓದಿ ಮಾರನೆಯ ದಿನದಿಂದ ನಂಜುಂಡಪ್ಪನವರ ಮೇಲೆ ಕಣ್ಣಿಟ್ಟಳು. ಫ್ರಿಜ್ಜಿನ ಮುಂದಿನ ಚಪ್ಪಲಿ ಕಸದ ಬುಟ್ಟಿಗೆ ಹೋಯಿತು. ಆದರೂ ಮನೆಯವರು ಎಷ್ಟೋ ದಿನ ಅಲ್ಲಿ ಕಾಲಿನಿಂದ ತಡಕಾಡುತ್ತಿದ್ದರು.

ಸೋಮವಾರ ಬೆಳಗ್ಗೆ ಐದೂವರೆಗೆ ತುಂಗಮ್ಮ ಟವೆಲು ಹಿಡಿದು ಬಚ್ಚಲಿಗೆ ಹೋದರು. ನಿಮಾಯ್ ಮೂರು ಸಲ ಪರೀಕ್ಷೆ ಮಾಡಿ ತೋರಿಸಿದ್ದ, ತಾನೇ ನಲ್ಲಿಗೆ ಕೈಯೊಡ್ಡಿ ನಿಂತಿದ್ದ. ನಂಜುಂಡಪ್ಪನವರಿಗೆ ಅದು ಸಾಲಲಿಲ್ಲ. ಹಿಂದಿನ ಸಂಜೆ ತಾವೇ ಸ್ನಾನ ಮಾಡಿ ನೋಡಿದ್ದರು, ಅದೂ ಸಾಲಲಿಲ್ಲ. ಚಿಲಕ ಹಾಕಬೇಡ ಎಂದು ಅವ್ವನಿಗೆ ಹೇಳಿ, ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತರು. ಒಳಗೆ ನಲ್ಲಿ ತಿರುಗಿದ ಸದ್ದಾಯಿತು. ನೀರು ಬಿದ್ದ ಸದ್ದಾಯಿತು. ಆಮೇಲೆ ಸದ್ದಿಲ್ಲ.

"ಅವ್ವಾ," ಎಂದು ಕರೆದರು.

ಒಳಗಿನಿಂದ ಉತ್ತರ ಬರಲಿಲ್ಲ. ಅವರು ಬಾಗಿಲಿಗೆ ಕೈ ಹಾಕಿದರು.

"ಅವ್ವಾ, ಇದ್ದೀಯಾ?"

"ಆಛೆ ಕಣಪ್ಪ," ಎಂದರು ತುಂಗಮ್ಮ ಬಿಸಿನೀರು ಹೊಯ್ದುಕೊಳ್ಳುತ್ತಾ. "ಆಛೆ, ಆಛೆ."